ಭೀಮಮ್ಮ ತಂದ ಏಳು ಪಾಟಾ

ಶಿವರಾಯನ ಪಿಕಪ್ ಗಾಡಿ ಲೋಡ್ ಆದ ಮೇಲೆ ನಾಯಿ ಕುಳಿತ ಹಾಗೆ ಕೂರುತ್ತಿತ್ತು. ಮುಂದಿನ ಮೂತಿ ಮೇಲಕ್ಕೆ, ಹಿಂದಿನ ಅಂಡು ನೆಲಕ್ಕೆ. ನಸುಕಿನಲ್ಲಿ ವಾಶಿ ಮಾರ್ಕೆಟ್ಟಿನಿಂದ ತರಕಾರಿ ತುಂಬಿಕೊಂಡು ಹೊರಟರೆ ಹೆಡ್‌ಲೈಟ್ ರಸ್ತೆಯ ಮೇಲೆ ಬೀಳುತ್ತಿರಲಿಲ್ಲ. ಎದುರಿನ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಯಾರು ಹಲ್ಲುಜ್ಜುತ್ತಿದ್ದಾರೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ರಸ್ತೆಯ ಗುಂಡಿ ಮಾತ್ರ ಕಾಣುತ್ತಿರಲಿಲ್ಲ.

ನಾನು ಜಟ್ಟೆಪ್ಪ. ಊರು ವಿಜಯಪುರದ ಕಡೆ. ಈ ಮರಾಠಿ ಸೀಮೆಯಲ್ಲಿ ಶಿಳಫಾಟಾದಿಂದ ಕಲ್ಯಾಣಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಟಾ ಕೆಲಸ ಮಾಡುತ್ತೇನೆ. ಗಾಡಿಯ ಹಿಂದಿನ ಚಕ್ರಗಳ ಹತ್ತಿರ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಅವಕ್ಕೆ ನಮ್ಮ ಲೈನಿನಲ್ಲಿ ಪಾಟಾ ಎನ್ನುವುದು. ಗಾಡಿಯ ಭಾರ ಹೊರುವುದು ಅವೇ. ಅವು ಸೋತರೆ ಗಾಡಿ ಕೂರುತ್ತದೆ.

ಶಿವರಾಯ ಆಳಂದದ ಕಡೆಯವನು. ಕಲ್ಯಾಣ ಪೂರ್ವದ ಒಂದು ಚಾಳಿನಲ್ಲಿ, ಒಂಟಿಕೋಣೆಗಳ ವಠಾರದಲ್ಲಿ, ಹೆಂಡತಿ ಭೀಮಮ್ಮನ ಜೊತೆ ಇದ್ದಾನೆ. ಏಳೆಂಟು ವರ್ಷ ನಾಲ್ಕು ರಸ್ತೆ ಕೂಡುವ ನಾಕಾದಲ್ಲಿ ಗಾಡಿ ನಿಲ್ಲಿಸಿಕೊಂಡು, ಯಾರಾದರೂ ಕಪಾಟು ಸಾಗಿಸಲು ಕರೆಯುತ್ತಾರೇನೋ ಎಂದು ದಾರಿ ಕಾಯುತ್ತಿದ್ದ. ಕರೆದರೆ ಕಪಾಟು, ಇಲ್ಲದಿದ್ದರೆ ಇಸ್ಪೀಟು. ಹೋದ ದೀಪಾವಳಿಗೆ ಅವನಿಗೆ ಕಾಯಂ ಕೆಲಸ ಸಿಕ್ಕಿತು. ಡೊಂಬಿವಲಿಯಲ್ಲಿ ಸ್ವರ್ಣಲತಕ್ಕ ಎಂಬ ಉಡುಪಿ ಕಡೆಯ ಹೆಂಗಸು ಆಫೀಸುಗಳಿಗೆ ತಿಂಡಿ, ಊಟ ಕಳಿಸುವ ದೊಡ್ಡ ಅಡಿಗೆಮನೆ ನಡೆಸುತ್ತಾರೆ. ಅಲ್ಲಿಗೆ ದಿನಾ ವಾಶಿಯಿಂದ ತರಕಾರಿ, ತೆಂಗಿನಕಾಯಿ ತಂದು ಇಳಿಸುವುದು. ಈ ಕೆಲಸ ಸಿಕ್ಕ ಮೇಲೆ ಶಿವರಾಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಗೊತ್ತಿರುವ ಮನುಷ್ಯನಾಗಿದ್ದ. ಅದು ಸಣ್ಣ ಮಾತಲ್ಲ.

ತೊಂದರೆ ಬಂದದ್ದು ಗೇಟಿನಲ್ಲಿ. ಈ ಮಳೆಗಾಲ ನೀರು ನುಗ್ಗಿ ಅಕ್ಕಿ ಚೀಲ ನೆನೆದ ಮೇಲೆ ಸ್ವರ್ಣಲತಕ್ಕ ಗೇಟಿಗೆ ಅಡ್ಡಲಾಗಿ ಒಂದು ಗೇಣು ಎತ್ತರದ ಸಿಮೆಂಟಿನ ಉಬ್ಬು ಕಟ್ಟಿಸಿ, ಅದರ ಮೇಲೆ ಚೆಂದ ಕಾಣಲಿ ಅಂತ ಕೆಂಪು ಟೈಲ್ಸ್ ಹಾಕಿಸಿದ್ದರು. ಶಿವರಾಯನ ಗಾಡಿಯ ಹಿಂದಿನ ಚಕ್ರ ಉಬ್ಬು ದಾಟಿ ಇಳಿದ ಕೂಡಲೇ ಹಿಂದಿನ ಬಂಪರ್ ಹೋಗಿ ಟೈಲ್ಸಿಗೆ ಬಡಿಯುತ್ತಿತ್ತು. ಮೊದಲ ಸಲ ಎರಡು ಟೈಲ್ಸ್ ಹೋದವು. ಎರಡನೇ ಸಲ ನಂಬರ್ ಪ್ಲೇಟು ಅಲ್ಲೇ ಉಳಿಯಿತು. ಮೂರನೇ ಸಲ ಬಡಿದ ಏಟಿಗೆ ಹಿಂದಿನ ಬಾಗಿಲು ತೆರೆದುಕೊಂಡು ನಲವತ್ತು ತೆಂಗಿನಕಾಯಿ ಉರುಳುತ್ತಾ ಬಸ್ ಸ್ಟಾಪಿನ ತನಕ ಹೋದವು. ಕ್ಯೂನಲ್ಲಿ ನಿಂತವರು ಕಾಲೆತ್ತಿ ಕಾಲೆತ್ತಿ ದಾರಿ ಬಿಟ್ಟರಂತೆ.

"ಸೋಮವಾರ ಕೊನೆ, ಮಾರಾಯ," ಎಂದರು ಸ್ವರ್ಣಲತಕ್ಕ. "ಸೋಮವಾರ ಆ ಗಾಡಿ ನನ್ನ ಟೈಲ್ಸ್ ಮುಟ್ಟಿದ್ರೆ ಮಂಗಳವಾರದಿಂದ ಮುರಾರಿಯ ಗಾಡಿ ಬರ್ತದೆ. ಅವನದ್ದು ಹೊಸತು. ದಿನಾ ಬಂದು ಕೇಳ್ತಾ ಇದ್ದಾನೆ."

ಮುರಾರಿ ಪಕ್ಕದ ಠಾಣೆ ಊರಿನಲ್ಲೇ ಹುಟ್ಟಿ ಬೆಳೆದವನು. ದಿನಾ ಕೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಶನಿವಾರ ಮಧ್ಯಾಹ್ನ ಶಿವರಾಯ ಗಾಡಿಯ ಫೋಟೋ ಕಳಿಸಿದ. ನೋಡಿ ಫೋನ್ ಮಾಡಿದೆ. ನನ್ನ ಪಕ್ಕದಲ್ಲಿ ಗ್ರೈಂಡರ್ ಮಶೀನು ಕಿರ್ರೆನ್ನುತ್ತಿತ್ತು, ಎದುರು ಟ್ರಾಫಿಕ್ ಜಾಮಿನಲ್ಲಿ ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಫೋನ್ ಎತ್ತಿದ್ದು ಭೀಮಮ್ಮ.

"ಅವ ಮಲಗ್ಯಾನ್ರಿ ಅಣ್ಣಾರ. ಎಬ್ಬಿಸಿದ್ರ ಮನಿ ತಲಿ ಮ್ಯಾಲೆ ತಗೋತಾನ. ನನಗ ಹೇಳ್ರಿ."

"ಫೋಟೋ ನೋಡಿನಿ ತಂಗಿ. ಹಿಂದ ಪಾಟಾ ಸಾಲವಲ್ವು. ಪಾಟಾ ಹಾಕಬೇಕು."

"ಪಾಟಾ?"

"ಹೂಂ, ಪಾಟಾ. ಹೊಸಾವೇ ಬೇಕಂತಿಲ್ಲ. ಹಳೇವು ಎಲ್ಲೆರೆ ಸಿಕ್ಕರ ತರ್ರಿ. ಹಳೇ ಮಾಲು ಗಟ್ಟಿ ಇರ್ತದ."

"ಅದು ಖರೇ. ಎಷ್ಟು ಬೇಕ್ರಿ?"

"ಎಡಕ್ಕೊಂದು, ಬಲಕ್ಕೊಂದು. ಹೆಚ್ಚಿಗಿ ಸಿಕ್ಕರೂ ತರ್ರಿ, ಆರಿಸಿ ಹಾಕೂಣು. ಸೀಳು ಬಿಟ್ಟಿರಬಾರದು ಮತ್ತ."

"ಸೀಳಿಲ್ರಿ. ಆದ್ರ ನಮ್ಮದು ನಡುವ ಒಂದೀಟು ತೆಗ್ಗು ಬಿದ್ದದ."

"ಅದಕ್ಕ ಬಾಗು ಅಂತಾರ, ತಂಗಿ. ಬಾಗು ಇರಲೇಬೇಕು. ನೆಟ್ಟಗಿದ್ದದ್ದು ತಗೊಂಡು ಏನ್ ಮಾಡೂದು?"

ಆಕೆ ಹೂಂಗುಟ್ಟಿದಳು. ಆಮೇಲೆ ಏನೋ ಕೇಳಿದಳು. ಗ್ರೈಂಡರಿನ ಸದ್ದಿನಲ್ಲಿ ನನಗೆ ಕೇಳಿಸಿದ್ದು, "ಜೋಡಿ ವಾರಂಟಿ ಬೇಕೇನ್ರಿ?"

ನಕ್ಕುಬಿಟ್ಟೆ. "ಹಳೇ ಮಾಲಿಗಿ ಎಲ್ಲೀದು ಅದು! ಬ್ಯಾಡ ಬ್ಯಾಡ. ಬರೇ ಪಾಟಾ ಸಾಕು."

"ಪೂಜಾ ಮಾಡಿದ್ದು ನಡೀತದಲ್ರಿ?"

"ಭಾಳ ಚಲೋ ಆತು," ಎಂದೆ. ಗಾಡಿಯ ಸಾಮಾನಿಗೆ ಪೂಜೆ ಮಾಡದೆ ನಮ್ಮಲ್ಲಿ ಯಾರು ಹಾಕುತ್ತಾರೆ? ಹೆಂಗಸು ತಿಳಿದವಳು ಎಂದುಕೊಂಡು ಫೋನ್ ಇಟ್ಟೆ.

ಭಾನುವಾರ ಹತ್ತು ಗಂಟೆಗೆ ಚಹಾ ಕುಡಿಯುತ್ತಾ ನಿಂತಿದ್ದೆ. ದೂರದಿಂದ ಶಿವರಾಯನ ಗಾಡಿ ಕಾಣಿಸಿತು. ಮೊದಲು ಕಂಡದ್ದು ಅದರ ಹೊಟ್ಟೆ. ಮುಂದಿನ ಚಕ್ರಗಳು ನೆಲಕ್ಕೆ ತಾಗಿವೆಯೋ ಇಲ್ಲವೋ ಎಂಬಂತೆ ತೇಲುತ್ತಾ, ಹಿಂದಿನ ಬಂಪರ್ ರಸ್ತೆಗೆ ಉಜ್ಜಿ ಕಿಡಿ ಹಾರಿಸುತ್ತಾ ಗಾಡಿ ಬರುತ್ತಿತ್ತು. ಹಿಂದೆ ಬರುತ್ತಿದ್ದ ರಿಕ್ಷಾದವನು ಕಿಡಿ ನೋಡಿ ಹೆದರಿ ನಿಂತೇಬಿಟ್ಟಿದ್ದ. ಗಾಡಿಯ ಕಟ್ಟಕಡೆಗೆ ಇಬ್ಬರು ಹೆಂಗಸರು ಮುಖಾಮುಖಿಯಾಗಿ ಕುಳಿತಿದ್ದರು. ಒಬ್ಬಳು ಭೀಮಮ್ಮ. ಇನ್ನೊಬ್ಬಳು ಅವರ ಪಕ್ಕದ ಮನೆಯ ಪುಷ್ಪಾವತಿ, ತೊಡೆಯ ಮೇಲೆ ಪರ್ಸು ಇಟ್ಟುಕೊಂಡು ಲೋಕಲ್ ಟ್ರೇನಿನ ಫಸ್ಟ್ ಕ್ಲಾಸಿನಲ್ಲಿ ಕುಳಿತ ಗತ್ತಿನಲ್ಲಿದ್ದಳು.

"ಇದೇನೋ ಶಿವರಾಯ? ಮೊದಲಿಗಿಂತ ಕೆಳಗ ಕುಂತದಲ್ಲೋ?"

"ನೀನ ಹೇಳಿದ್ದು, ಜಟ್ಟೆಪ್ಪಣ್ಣ," ಎಂದ ಅವನು ಇಳಿಯುತ್ತಾ. ಅವನ ಮುಖದಲ್ಲಿ ನನ್ನ ಮೇಲೆ ಪೂರ್ತಿ ನಂಬಿಕೆ ಇತ್ತು. ಅದನ್ನು ನೋಡಿ ನನಗೆ ಭಯವಾಯಿತು.

"ಪಾಟಾ ಎಲ್ಲಿ?"

"ಹಿಂದ ಅದಾವ. ಏಳು."

ಹಿಂದೆ ಹೋಗಿ ನೋಡಿದೆ. ಮಸಾಲೆ ಅರೆಯುವ ಏಳು ಕಲ್ಲುಗಳು. ಎಡಕ್ಕೆ ಮೂರು, ಬಲಕ್ಕೆ ಮೂರು, ಎಲ್ಲಕ್ಕೂ ಅರಿಶಿನ ಕುಂಕುಮ, ಹಗ್ಗದಿಂದ ಬಿಗಿದ ಕಟ್ಟು. ಏಳನೆಯದು ಪುಷ್ಪಾವತಿಯ ಕೆಳಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗ್ಯಾರೇಜಿನಲ್ಲಿ ಪಾಟಾ ಎಂದರೆ ಉಕ್ಕಿನ ಪಟ್ಟಿ. ಇಲ್ಲಿಯ ಮರಾಠಿ ಮನೆಗಳಲ್ಲಿ ಪಾಟಾ ಎಂದರೆ ಅರೆಯುವ ಕಲ್ಲು, ಅದರ ಮೇಲೆ ಉರುಳಿಸುವ ಗುಂಡುಕಲ್ಲಿಗೆ ವರವಂಟಾ. ಭೀಮಮ್ಮ ಊರಿನಲ್ಲಿದ್ದಾಗ ಅದನ್ನು ಬರೀ ಕಲ್ಲು ಎನ್ನುತ್ತಿದ್ದಳು. ಹದಿನೈದು ವರ್ಷ ಕಲ್ಯಾಣದ ಚಾಳಿನಲ್ಲಿದ್ದು ಅಕ್ಕಪಕ್ಕದವರ ಹಾಗೆ ಪಾಟಾ ಎನ್ನುವುದು ಕಲಿತಿದ್ದಳು. ಆಕೆ ಕೇಳಿದ್ದು ವರವಂಟಾ, ನನಗೆ ಕೇಳಿಸಿದ್ದು ವಾರಂಟಿ. ತಪ್ಪು ಯಾರದು ಎಂದು ನಾನು ಬಹಳ ಯೋಚಿಸಿದ್ದೇನೆ. ಗ್ರೈಂಡರ್ ಮಶೀನಿನದು ಎಂದುಕೊಂಡರೆ ಎಲ್ಲರಿಗೂ ಒಳ್ಳೆಯದು.

"ಅಲ್ಲ ತಂಗಿ, ಕೂತ ಗಾಡಿ ಮ್ಯಾಲೆ ಕಲ್ಲು ಹೇರಿದ್ರ ಅದು ಹ್ಯಾಂಗ ಏಳ್ತದ? ಯಾಕಂತ ಕೇಳಬಾರದೇನು?"

"ದವಾಖಾನ್ಯಾಗ ಡಾಕ್ಟರ್ ಗುಳಿಗಿ ಬರದ್ರ ಯಾಕಂತ ಕೇಳ್ತೀವೇನ್ರಿ?" ಎಂದಳು ಭೀಮಮ್ಮ. "ಎಡಕ್ಕೊಂದು ಬಲಕ್ಕೊಂದು ಅಂದ್ರಿ, ಹೆಚ್ಚಿಗಿ ತರ್ರಿ ಅಂದ್ರಿ, ತೆಗ್ಗಿರಬೇಕು ಅಂದ್ರಿ. ಚಾಳೆಲ್ಲಾ ಹುಡುಕಿನಿ. ಎಲ್ಲರ ಮನ್ಯಾಗೂ ಮಿಕ್ಸರ್ ಅದ, ಕಲ್ಲು ಮಂಚದ ಕೆಳಗ ಅದ. ಕೂಸು ಹುಟ್ಟಿದಾಗ ಪೂಜಾ ಮಾಡಿದ ಕಲ್ಲು, ಬೀದಿಗಿ ಒಗೀಲಿಕ್ಕೆ ಬರಂಗಿಲ್ಲ. ಕೇಳಿದ್ದೇ ತಡ, ಎಲ್ಲಾರೂ ಕೈಮುಗಿದು ಕೊಟ್ರು."

"ನಾ ಕೊಟ್ಟಿಲ್ಲ," ಎಂದಳು ಪುಷ್ಪಾವತಿ. "ನನ್ನದು ಅತ್ತೀದು. ಅದು ಹೋದಲ್ಲಿ ನಾನೂ ಹೋಗ್ತೀನಿ."

ಶಿವರಾಯನ ಕಡೆ ತಿರುಗಿದೆ. "ನಿನಗರೆ ಗೊತ್ತಿಲ್ಲೇನೋ ಪಾಟಾ ಅಂದ್ರ?"

"ಗೊತ್ತದಣ್ಣ. ಎದ್ದು ನೋಡೂದ್ರಾಗ ಕಲ್ಲು ಹೇರಿ ಕಟ್ಟ್ಯಾರ. ಜಟ್ಟೆಪ್ಪಣ್ಣ ಹೇಳ್ಯಾನ ಅಂದ್ಲು. ಲೋಡ್ ಹಾಕಿ ಚೆಕ್ ಮಾಡ್ತಾನೇನೋ ಅನ್ಕೊಂಡೆ. ಖಾಲಿ ಗಾಡಿ ಚೆಕ್ ಮಾಡಿದ್ರ ಏನ್ ತಿಳೀತದ ಹೇಳು?"

ನಾನು ಹಗ್ಗದ ಗಂಟು ಬಿಚ್ಚತೊಡಗಿದೆ.

ಪುಷ್ಪಾವತಿಯನ್ನು ಇಳಿಸುವುದೇ ದೊಡ್ಡ ಕೆಲಸವಾಯಿತು. ಆಮೇಲೆ ಕಲ್ಲುಗಳನ್ನು ಇಳಿಸಿ ಗೋಡೆಗೆ ಸಾಲಾಗಿ ನಿಲ್ಲಿಸಿದೆವು. ಅರಿಶಿನ ಕುಂಕುಮ ನೋಡಿ ದಾರಿಯಲ್ಲಿ ಹೋಗುವ ಒಬ್ಬಾತ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ನಮಸ್ಕಾರ ಮಾಡಿ ಹೋದ. ಇನ್ನೊಬ್ಬ ಪ್ರಸಾದ ಎಷ್ಟು ಗಂಟೆಗೆ ಎಂದು ಕೇಳಿದ.

ನಾನು ಜಾಕ್ ಕೊಟ್ಟು ಗಾಡಿ ಎತ್ತಿ ಕೆಳಗೆ ಮಲಗಿದೆ. ಎಡಗಡೆಯ ಕಟ್ಟಿನಲ್ಲಿ ಎರಡನೇ ಪಟ್ಟಿ ನಡುವೆಯೇ ಸೀಳಿತ್ತು. ಮೇಲಿನಿಂದ ಕಾಣುವುದಿಲ್ಲ, ಮಣ್ಣು ಕೆರೆದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಮಿಕ್ಕವು ಬಾಗು ಕಳೆದುಕೊಂಡು ಊಟ ಮಾಡಿ ಮಲಗಿದವರ ಹಾಗೆ ನೆಟ್ಟಗೆ ಚಾಚಿಕೊಂಡಿದ್ದವು. ಒಂದು ಕಡೆ ಮಾತ್ರ ಹೊಸ ಪಟ್ಟಿ ಹಾಕಿ ಕಳಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಗಾಡಿ ಒಂದು ಕಾಲು ಕುಂಟಾದವರ ಹಾಗೆ ವಾಲುತ್ತದೆ. ಮಾಡಿದರೆ ಎರಡೂ ಕಡೆ ಮಾಡಬೇಕು. ಸೀಳಿದ್ದನ್ನೂ ಆಚೆ ಕಡೆಯ ಅದರ ಜೋಡಿಯನ್ನೂ ತೆಗೆದು ನನ್ನ ಹತ್ತಿರವಿದ್ದ ಬೇರೆ ಪಟ್ಟಿ ಕೂರಿಸಿದೆ, ಮಿಕ್ಕವನ್ನು ಬಡಿದು ಬಾಗು ಕೊಟ್ಟೆ, ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ ಹೊಸ ಬೋಲ್ಟು ಬಿಗಿದೆ.

ಕೆಲಸ ಮಾಡುತ್ತಲೇ ಕೇಳಿದೆ. "ತೆಂಗಿನಕಾಯಿ ಚೀಲ ಎಲ್ಲಿಡ್ತಿ?"

"ಕಡೀಗಿ, ಬಾಗಿಲ ಹತ್ರ. ಅಡಿಗಿಯವರು ಮೊದಲ ಕಾಯಿ ಕೇಳ್ತಾರ."

"ಬಟಾಟಿ, ಉಳ್ಳಾಗಡ್ಡಿ?"

"ಅವೂ ಕಡೀಗೇ. ಇಳಸಲಿಕ್ಕೆ ಹಗುರ."

"ಕ್ಯಾಬಿನ್ ಹಿಂದ ಏನಿರ್ತದ?"

ಶಿವರಾಯ ನೆಲ ನೋಡಿದ. "ಕೊತ್ತಂಬರಿ."

ಇಡೀ ಭಾರ ಚಕ್ರದ ಆಚೆ ಬಾಲಕ್ಕೆ, ಕ್ಯಾಬಿನ್ನಿನ ಹಿಂದೆ ಕೊತ್ತಂಬರಿ. ಯಾವ ಪಾಟಾ ಏನು ಮಾಡೀತು? "ನಾಳಿಂದ ಭಾರದ್ದೆಲ್ಲಾ ಕ್ಯಾಬಿನ್ನಿನ ಬೆನ್ನಿಗಿ ಒತ್ತಿ ಇಡು, ಸೊಪ್ಪು ಬಾಗಿಲ ಹತ್ರ ಇಡು," ಎಂದೆ. "ಅಡಿಗಿಯವರು ಐದು ನಿಮಿಷ ಕಾಯಲಿ. ಮತ್ತ ಇನ್ನೊಂದು ಮಾತು. ಪಾಟಾ ಸೇರಿಸಿನಿ ಅಂತ ಹೆಚ್ಚಿಗಿ ಹೇರಬ್ಯಾಡ. ಗಾಡಿ ಎದ್ದು ನಿಂತದ ಅಷ್ಟ. ಬ್ರೇಕು ಮೊದಲಿಂದೇ, ಟಾಯರೂ ಮೊದಲಿಂದೇ."

"ಹೂಂ ಅಣ್ಣ."

"ಒಂದೆರಡು ದಿನ ಓಡಿದ ಮ್ಯಾಲೆ ಬಂದು ಬೋಲ್ಟು ಮತ್ತೊಮ್ಮೆ ಬಿಗಿಸ್ಕೋ."

"ಹೂಂ ಅಣ್ಣ." ಅವನ ಕಿವಿ ನನ್ನ ಕಡೆ ಇತ್ತು, ಮನಸ್ಸು ಗೇಟಿನ ಕಡೆ ಇತ್ತು. "ಅಣ್ಣ, ನಾಳೆ ತಾಗಂಗಿಲ್ಲಲ್ಲ? ಮತ್ತ ನಾಕಾದಾಗ ನಿಲ್ಲೂದು ನನ್ನ ಕೈಲಾಗಂಗಿಲ್ಲ. ಅಲ್ಲಿ ನನ್ನ ಜಾಗಾನೂ ಈಗ ಬ್ಯಾರೆಯವರು ಹಿಡದಾರ."

ತಾಗುವುದಿಲ್ಲ ಎಂದು ಹೇಳಲು ಭಾರ ಹಾಕಿ ನೋಡಬೇಕಿತ್ತು. ಅಷ್ಟು ತೂಕ ಭಾನುವಾರ ಎಲ್ಲಿಂದ ತರುವುದು? ಗೋಡೆಯ ಕಡೆ ನೋಡಿದೆ. ಏಳು ಕಲ್ಲುಗಳನ್ನೂ ಮತ್ತೆ ಹೇರಿದೆವು, ನನ್ನ ಹಳೆಯ ಕಬ್ಬಿಣವನ್ನೆಲ್ಲ ಜೊತೆಗೆ ಹಾಕಿದೆವು, ಪುಷ್ಪಾವತಿ ತಾನಾಗಿಯೇ ಹತ್ತಿ ಕುಳಿತಳು. ಭೀಮಮ್ಮ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು ಬಂಪರಿನಿಂದ ನೆಲಕ್ಕೆ ಗೇಣು ಹಾಕಿದಳು.

"ಎರಡು ಗೇಣು, ನಾಕು ಬೆರಳು," ಎಂದು ಎದ್ದು ಸೀರೆ ಕೊಡವಿದಳು. "ನೋಡ್ರಿ ಮತ್ತ. ಕಲ್ಲು ಹಾಕಿದ ಮ್ಯಾಲೆ ಗಾಡಿ ಎದ್ದಿತಿಲ್ಲೋ?"

ನಾನು ಜಾಕ್ ಒರೆಸಿ ಒಳಗಿಟ್ಟೆ.

ಸೋಮವಾರ ಅಂಗಡಿ ಬಾಗಿಲು ತೆರೆಯದೆ ನಾನೂ ಡೊಂಬಿವಲಿಗೆ ಹೋದೆ. ನಾನು ಮಾಡಿದ ಕೆಲಸ ನಾನೇ ನೋಡಬೇಕು. ಭೀಮಮ್ಮ ಮೊದಲೇ ಬಂದು ಗೇಟಿನ ಬದಿಯಲ್ಲಿ ನಿಂತಿದ್ದಳು. ಎದುರುಗಡೆ ಮುರಾರಿಯ ಹೊಸ ಗಾಡಿ ಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಮುರಾರಿ ಅದರ ಬಾನೆಟ್ಟಿಗೆ ಒರಗಿಕೊಂಡಿದ್ದ.

"ಕ್ಯಾ ಜಟ್ಟೆಪ್ಪಣ್ಣ, ಆಪರೇಷನ್ ಮಾಡಿದ್ರಿ ಅಂತೆ? ಪೇಶಂಟ್ ನಡೀತದಾ, ಸ್ಟ್ರೆಚರ್ ಬೇಕಾ?"

"ನಡೀತದೋ, ನಿನ್ನ ಗಾಡಿ ಸ್ವಲ್ಪ ಸರಿಸು. ಹಾರಕ್ಕ ಧೂಳು ಕೂತೀತು."

ಸ್ವರ್ಣಲತಕ್ಕ ಒಳಗಿನಿಂದ ಬಂದರು. ಕೈಯಲ್ಲಿ ಬಾಳೆ ಎಲೆಯ ತುಂಡು, ಅದರ ಮೇಲೆ ಹಬೆಯಾಡುವ ಒಂದು ಇಡ್ಲಿ. ನಮ್ಮಲ್ಲಿ ಯಾರಿಗೆ ತಿಂಡಿ ಬಂತೋ ಎಂದು ಎಲ್ಲರೂ ನೋಡಿದೆವು. ಆಕೆ ನೇರವಾಗಿ ಹೋಗಿ ಉಬ್ಬಿನ ನಟ್ಟನಡುವೆ ಅದನ್ನು ಇಟ್ಟರು.

"ತಾಗಿತು ಅಂತ ಅವನು, ತಾಗ್ಲಿಲ್ಲ ಅಂತ ಇವನು, ನನಗೆ ಬೆಳಿಗ್ಗೆ ಬೆಳಿಗ್ಗೆ ಪಂಚಾಯಿತಿ ಬೇಡ," ಎಂದರು. "ಇಡ್ಲಿ ಹೇಳ್ಲಿ. ಅಪ್ಪಚ್ಚಿ ಆದ್ರೆ ಮುರಾರಿ, ಆಗದಿದ್ರೆ ಶಿವರಾಯ. ಆಯ್ತಾ?"

ಏಳೂ ಕಾಲಿಗೆ ಗಾಡಿ ತಿರುವಿನಲ್ಲಿ ಕಾಣಿಸಿತು. ಪೂರ್ತಿ ಲೋಡ್. ಮೂತಿ ಮೇಲಿರಲಿಲ್ಲ, ಬಾಲ ಕೆಳಗಿರಲಿಲ್ಲ. ಸ್ಕೂಲಿನ ಪ್ರಾರ್ಥನೆಗೆ ನಿಂತ ಹಾಗೆ ನೆಟ್ಟಗೆ ಬರುತ್ತಿತ್ತು. ಶಿವರಾಯ ಗೇಟಿನ ಎದುರು ಬಂದು ಉಬ್ಬಿನ ಮೇಲೆ ಇಡ್ಲಿ ನೋಡಿ ಬ್ರೇಕ್ ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಕ್ಕಾರ, ನಿಮ್ಮ ಇಡ್ಲಿ ಬಿದ್ದದ."

"ಬಿದ್ದಿಲ್ಲ, ಇಟ್ಟಿದ್ದು! ಅದರ ಮೇಲಿಂದ ಬಾ!"

"ಅನ್ನದ ಮ್ಯಾಲೆ ಗಾಡಿ ಹತ್ತಿಸಲೇನ್ರಿ? ಪಾಪ ಬರ್ತದ."

"ಚಕ್ರ ಹತ್ತಿಸಬೇಡ ಮಾರಾಯ, ಚಕ್ರದ ನಡುವಿಗೆ ತಗೊಂಡು ಬಾ!"

"ಏ, ಸುಮ್ನ ಹತ್ತಿಸೋ!" ಎಂದು ಭೀಮಮ್ಮ ಕೂಗಿದಳು. "ಇಡ್ಲಿ ಜೋಡಿ ಏನ್ ಮಾತು ನಿಂದು?"

ಗಾಡಿ ಹೊರಟಿತು. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನ ಚಕ್ರ ಹತ್ತಿತು. ಇನ್ನು ಇಳಿಯುವುದೇ ಉಳಿದದ್ದು. ನಾನು, ಭೀಮಮ್ಮ, ಮುರಾರಿ, ಸ್ವರ್ಣಲತಕ್ಕ ನಾಲ್ವರೂ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದೆವು. ಒಳಗಿನಿಂದ ಅಡಿಗೆಯವರು ಬಂದು ನಾವು ನಾಲ್ಕು ಜನ ಏನು ಕಳೆದುಕೊಂಡಿದ್ದೇವೆ ಎಂದು ತಾವೂ ಬಗ್ಗಿ ಹುಡುಕತೊಡಗಿದರು. ಚಕ್ರ ಇಳಿಯಿತು. ಪಾಟಾ ಒಂದು ಸಲ ಬಾಗಿ, ಕೂರದೆ, ಮತ್ತೆ ಮೇಲೆದ್ದಿತು. ಬಂಪರ್ ಇಡ್ಲಿಯ ಮೇಲೆ ತೂಗಿ ಮುಂದೆ ಹೋಯಿತು. ನನ್ನ ಲೆಕ್ಕದಲ್ಲಿ ಎರಡು ಬೆರಳು ಅಂತರ ಇತ್ತು.

ಇಡ್ಲಿ ಇಟ್ಟ ಹಾಗೆಯೇ ಇತ್ತು. ಹಬೆ ಕೂಡ ಬರುತ್ತಿತ್ತು.

"ತಾಗಿದೆ," ಎಂದ ಮುರಾರಿ.

"ಎಲ್ಲಿ ತಾಗಿದೆ? ಇಡ್ಲಿ ಸರಿ ಉಂಟಲ್ಲ?" ಎಂದರು ಸ್ವರ್ಣಲತಕ್ಕ.

"ಅರೇ ಅಕ್ಕಾ, ನನ್ನ ಕಣ್ಣಿಂದ ನೋಡಿದೆ. ಬಂಪರ್ ಪಕ್ಕಾ ತಾಗಿದೆ. ಇಡ್ಲಿಗೆ ಏನೂ ಆಗಿಲ್ಲ ಅಷ್ಟೇ. ನಿಮ್ಮ ಇಡ್ಲಿ ಅಷ್ಟು ಗಟ್ಟಿ."

ಬಗ್ಗಿ ಹುಡುಕುತ್ತಿದ್ದ ಅಡಿಗೆಯವರು ಬಗ್ಗಿದಲ್ಲೇ ಉಳಿದರು. ದಿನಕ್ಕೆ ಮೂರು ಸಾವಿರ ಇಡ್ಲಿ ಹೋಗುವ ಅಡಿಗೆಮನೆಯ ಗೇಟಿನಲ್ಲಿ ನಿಂತು ಆಡುವ ಮಾತಲ್ಲ ಅದು. ಮುರಾರಿಗೂ ಆಡಿದ ಮೇಲೆ ಗೊತ್ತಾಯಿತು.

"ಎಂತ ಹೇಳಿದೆ?" ಎಂದರು ಸ್ವರ್ಣಲತಕ್ಕ, ಬಹಳ ಮೆಲ್ಲಗೆ.

"ಮತಲಬ್... ಗಾಡಿ ಬಗ್ಗೆ ಹೇಳಿದ್ದು ಅಕ್ಕಾ."

"ಕೂತ್ಕೋ."

ಮುರಾರಿ ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕುಳಿತ. ಒಳಗಿನಿಂದ ಎಂಟು ಇಡ್ಲಿಯ ತಟ್ಟೆ ಬಂತು. ಸ್ವರ್ಣಲತಕ್ಕ ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತರು. ಅಷ್ಟು ಹೊತ್ತಿಗೆ ಶಿವರಾಯ ಗಾಡಿಯಿಂದ ಇಳಿದು ಬಂದು, ಕೆಲಸ ಉಳಿಯಿತೋ ಹೋಯಿತೋ ಗೊತ್ತಾಗದೆ ಟವೆಲ್ಲು ಹಿಂಡುತ್ತಾ ನಿಂತಿದ್ದ. ಭೀಮಮ್ಮ ಅವನ ತೋಳು ಹಿಡಿದುಕೊಂಡಿದ್ದಳು. ಮುರಾರಿ ಒಂದು ತಿಂದ. ಎರಡು ತಿಂದ. ನಾಲ್ಕನೆಯದನ್ನು ಬಾಯಿಗೆ ಹಾಕಿಕೊಂಡಾಗ ಆಕೆ ಕೇಳಿದರು.

"ಹೇಗೆ ಉಂಟು?"

"ಮಸ್ತ್ ಇದೆ ಅಕ್ಕಾ. ಹತ್ತಿ ಹಾಗೆ ಇದೆ. ಬಾಯಲ್ಲಿ ಇಟ್ರೆ ಕರಗ್ತದೆ."

"ಹೌದಾ? ಹತ್ತಿ ಹಾಗೆ ಇದ್ದದ್ದಕ್ಕೆ ಬಂಪರ್ ತಾಗಿದ್ರೆ ಅಪ್ಪಚ್ಚಿ ಆಗ್ತಿತ್ತಾ, ಇಲ್ವಾ?"

ಮುರಾರಿಯ ದವಡೆ ನಿಂತಿತು. ಉಬ್ಬಿನ ಮೇಲಿದ್ದ ಇಡ್ಲಿ ನೋಡಿದ. ತನ್ನ ಹಾರ ಹಾಕಿದ ಗಾಡಿ ನೋಡಿದ. ಆಮೇಲೆ ಸ್ವರ್ಣಲತಕ್ಕನ ಮುಖ ನೋಡಿದ.

"ಆಗ್ತಿತ್ತು," ಎಂದ, ಬಾಯಿ ತುಂಬ ಇಡ್ಲಿ ಇಟ್ಟುಕೊಂಡು.

"ಹಾಗಾದ್ರೆ ತಾಗಿತಾ?"

"ತಾಗ್ಲಿಲ್ಲ ಅಕ್ಕಾ."

"ಶಿವರಾಯ," ಎಂದರು ಸ್ವರ್ಣಲತಕ್ಕ ತಿರುಗದೆಯೇ, "ಕಾಯಿ ಇಳಿಸು. ನಾಳೆ ಸ್ವಲ್ಪ ಬೇಗ ಬಾ, ಬೇಲಾಪುರದಲ್ಲಿ ದೊಡ್ಡ ಆರ್ಡರ್ ಉಂಟು." ಆಮೇಲೆ ಒಳಗೆ ಕೂಗಿ ಹೇಳಿದರು, "ಮುರಾರಿಗೆ ಇನ್ನೆರಡು ಹಾಕಿ. ಸತ್ಯ ಹೇಳಿದ್ದಾನೆ."